ದಡ್ಡುಗಟ್ಟಿದ ಬೆರಳು ಮತ್ತು ದೇವಾಲಯದ ಹಾಡು

ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಅರ್ಧ ಗಂಟೆ ನಿಂತು ಮಾತನಾಡುವುದು ಸಕಲೇಶಪುರ, ಆಲೂರು ಸೀಮೆಯ ನಮ್ಮ ಕುಟುಂಬಗಳ ಹಳೆಯ ರೂಢಿ. ತೋಟದಿಂದ ತೋಟಕ್ಕೆ ಮೈಲಿಗಳ ಅಂತರವಿರುವ ಈ ಗುಡ್ಡಗಾಡಿನಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡುವುದೇ ವಾರಕ್ಕೊಮ್ಮೆ. ಹಿರಿಯರು ಕಾಫಿಯ ಧಾರಣೆ, ಹೂಮಳೆ, ಕೂಲಿಯವರ ಅಭಾವ, ಹಿಂದಿನ ರಾತ್ರಿ ಆನೆ ಮುರಿದು ಹಾಕಿದ ಬೇಲಿ ಇವುಗಳ ವಿಷಯ ಮಾತನಾಡುತ್ತಾರೆ. ಕಿರಿಯರು ಸಿಲ್ವರ್ ಮರದ ಕೆಳಗೆ ಬೇರೆಯೇ ಗುಂಪಾಗಿ ನಿಲ್ಲುತ್ತಾರೆ. ಇತ್ತೀಚೆಗೆ ಅಂಥ ಒಂದು ಭಾನುವಾರ ಆ ಗುಂಪಿನ ದನಿ ಏರಿದ್ದನ್ನು ಕೇಳಿ, ಜಗಳವೇ ಇರಬಹುದೆಂದು ನಾವು ಹತ್ತಿರ ಹೋದೆವು. ಜಗಳವೇನೋ ಹೌದು; ಆದರೆ ಅದು ಗಿಟಾರು ವಾದಕರನ್ನು ಕುರಿತದ್ದು.

ಮಾರ್ಕ್ ನಾಫ್ಲರ್ ಮೇಲೋ, ಡೇವಿಡ್ ಗಿಲ್ಮರ್ ಮೇಲೋ ಎಂಬುದು ಅವರ ವಾದ. ಒಬ್ಬನಿಗೆ ವೇಗವಾಗಿ ನುಡಿಸುವವರೇ ಶ್ರೇಷ್ಠರು. ಇನ್ನೊಬ್ಬನಿಗೆ ನಾಲ್ಕೇ ಸ್ವರಗಳಲ್ಲಿ ಕಣ್ಣು ತೇವವಾಗಿಸುವವರು. ಅವರಲ್ಲಿ ವಯಸ್ಸಿನಲ್ಲಿ ದೊಡ್ಡವರು, ಆಲೂರು ಕಡೆಯ ತೋಟವೊಂದನ್ನು ನೋಡಿಕೊಳ್ಳುವ ತರುಣರು, 2011ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿಗೆ ಹೋಗಿ ಮೆಟಾಲಿಕಾ ತಂಡದ ಕಛೇರಿಯನ್ನು ಕಣ್ಣಾರೆ ಕಂಡವರು. ಅವರ ಮಾತಿಗೆ ಗುಂಪಿನಲ್ಲಿ ಹೆಚ್ಚಿನ ಬೆಲೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಡೆಯಲಾರದೆ, "ಏನಪ್ಪಾ, ಆ ಗದ್ದಲವನ್ನೂ ಸಂಗೀತ ಅನ್ನುತ್ತೀರಾ?" ಎಂದರು. "ಅಂಕಲ್, ಒಂದು ಸಲ ಎದುರಿಗೆ ನಿಂತು ಕೇಳಿ ನೋಡಿ, ಆಮೇಲೆ ಹೇಳಿ" ಎಂಬ ಉತ್ತರ ಬಂತು. ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆಯೂ ಉತ್ತರವೂ ನಗೆಯಲ್ಲಿ ಮುಗಿಯತಕ್ಕವಲ್ಲ ಎಂದು ನಮಗೆ ತೋರಿತು.

ನಮ್ಮ ಮಕ್ಕಳು ಈ ಸಂಗೀತಕ್ಕೆ ಮಾರುಹೋದದ್ದು ಆಕಸ್ಮಿಕವಲ್ಲ. ಜಗತ್ತಿನ ದೊಡ್ಡ ರಾಕ್ ತಂಡಗಳು ಭಾರತಕ್ಕೆ ಬಂದಾಗ ಮತ್ತೆ ಮತ್ತೆ ಆರಿಸಿಕೊಂಡ ಊರುಗಳಲ್ಲಿ ನಮ್ಮ ರಾಜಧಾನಿಯೂ ಒಂದು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2002ರಲ್ಲಿ ಪಿಂಕ್ ಫ್ಲಾಯ್ಡ್ ಖ್ಯಾತಿಯ ರೋಜರ್ ವಾಟರ್ಸ್ ಹಾಡಿದರು. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಬಂದಿತು. 2005ರ ಮಾರ್ಚಿನಲ್ಲಿ ನಾಫ್ಲರ್ ಬಂದರು. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ನುಡಿಸಿದಾಗ ದೇಶದ ಮೂಲೆಮೂಲೆಗಳಿಂದ ಜನ ಸೇರಿದ್ದರು. ಅದೇ ತಂಡ 2009ರಲ್ಲಿ ಮತ್ತೊಮ್ಮೆ ಬಂದಿತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾದ ಸರದಿ. ಅದಕ್ಕೆ ಎರಡು ದಿನ ಮೊದಲು ದೆಹಲಿಯ ಬಳಿಯ ಗುರುಗ್ರಾಮದಲ್ಲಿ ಆಗಬೇಕಿದ್ದ ಕಛೇರಿ ನಡೆಯದೆ, ಜನ ರೇಗಿ ವೇದಿಕೆಗೆ ಹಾನಿ ಮಾಡಿದ್ದರು. ಬೆಂಗಳೂರಿನ ಕಛೇರಿ ಸಾಂಗವಾಗಿ ನೆರವೇರಿತು. ಸಕಲೇಶಪುರದಿಂದ ಬೆಂಗಳೂರಿಗೆ ಸುಮಾರು 220 ಕಿಲೋಮೀಟರು. ಸಂಜೆಯ ಕಛೇರಿಗೆ ಬೆಳಿಗ್ಗೆ ಬಸ್ಸು ಹತ್ತಿ, ರಾತ್ರಿಯ ಬಸ್ಸಿನಲ್ಲಿ ಮರಳಿ, ಮಾರನೆಯ ದಿನ ತೋಟದ ಕೆಲಸಕ್ಕೆ ನಿಂತವರು ನಮ್ಮ ನಡುವೆ ಇದ್ದಾರೆ.

ತಂದೆತಾಯಿಗಳ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಛೇರಿಯ ಚೀಟಿಗೆ ಸುರಿಯುವ ಹಣ, ಗುಂಪಿನಲ್ಲಿ ಸುಲಭವಾಗಿ ಕೈಗೆ ಬರುವ ಮದ್ಯ, ಕೆಲವು ಹಾಡುಗಳಲ್ಲಿರುವ ಅಸಭ್ಯ ಮಾತು ಇವೆಲ್ಲ ನಿಜವೇ. ಇವಕ್ಕಿಂತ ದೊಡ್ಡದು ಇದು ದೇವರಿಗೆ ವಿರುದ್ಧವಾದ ಸಂಗೀತವೆಂಬ ಭಯ. ಐರನ್ ಮೇಡನ್ ತಂಡ 1982ರಲ್ಲಿ ಪ್ರಕಟಣೆ ಗ್ರಂಥದ ಮೃಗದ ಸಂಖ್ಯೆಯನ್ನೇ ಹೆಸರಾಗಿ ಇಟ್ಟುಕೊಂಡ ಧ್ವನಿಮುದ್ರಿಕೆಯನ್ನು ಹೊರತಂದಾಗ ಅಮೆರಿಕದಲ್ಲಿ ಅದರ ವಿರುದ್ಧ ದೊಡ್ಡ ಕೂಗೆದ್ದಿತು. ಅದೇ ತಂಡದ ಡ್ರಮ್ ವಾದಕ ನಿಕೊ ಮೆಕ್‌ಬ್ರೇನ್ 1999ರಲ್ಲಿ ಕ್ರಿಸ್ತವಿಶ್ವಾಸಕ್ಕೆ ತಿರುಗಿ, ಅದನ್ನು ಬಹಿರಂಗವಾಗಿ ಹೇಳಿಕೊಂಡವರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಹೊದಿಕೆಯ ಚಿತ್ರವನ್ನು ನೋಡಿ ಮನುಷ್ಯರ ಅಂತರಂಗವನ್ನು ಅಳೆಯುವುದು ಕಷ್ಟ.

ಧರ್ಮಸಭೆಯ ಹಿರಿಯರಲ್ಲಿಯೂ ಈ ವಿಷಯದಲ್ಲಿ ಒಂದೇ ಅಭಿಪ್ರಾಯವಿರಲಿಲ್ಲ. 1997ರ ಸೆಪ್ಟೆಂಬರ್ 27ರಂದು ಇಟಲಿಯ ಬೊಲೊನ್ಯದಲ್ಲಿ ನಡೆದ ಪರಮಪ್ರಸಾದ ಸಮ್ಮೇಳನದಲ್ಲಿ ಬಾಬ್ ಡಿಲನ್ ಅವರು ಜಗದ್ಗುರು ದ್ವಿತೀಯ ಜಾನ್ ಪಾಲರ ಎದುರು, ಲಕ್ಷಾಂತರ ಯುವಜನರ ನಡುವೆ ಹಾಡಿದರು. ಡಿಲನ್ ಅವರ ಹಾಡೊಂದರಲ್ಲಿ ಬರುವ ಗಾಳಿಯ ಮಾತನ್ನೇ ಎತ್ತಿಕೊಂಡ ಜಗದ್ಗುರುಗಳು, ಅದು ಎಲ್ಲವನ್ನೂ ಚದರಿಸುವ ಗಾಳಿಯಲ್ಲ, ಪವಿತ್ರಾತ್ಮರ ಉಸಿರು ಎಂಬರ್ಥದಲ್ಲಿ ಯುವಜನರಿಗೆ ಬೋಧಿಸಿದರು. ಅಂದು ಕಾರ್ಡಿನಲ್ ಆಗಿದ್ದ, ಮುಂದೆ ಹದಿನಾರನೆಯ ಬೆನೆಡಿಕ್ಟರಾದ ಜೋಸೆಫ್ ರಾಟ್ಸಿಂಗರರಿಗೆ ಆ ಏರ್ಪಾಡು ಸರಿಕಂಡಿರಲಿಲ್ಲ. ತಮ್ಮ ಅನುಮಾನವನ್ನು ಅವರು 2007ರಲ್ಲಿ ಬರೆದು ಪ್ರಕಟಿಸಿದರು. ಇಬ್ಬರೂ ದೇವಜನರನ್ನು ಪ್ರೀತಿಸಿದವರೇ. ಇಬ್ಬರು ಜಗದ್ಗುರುಗಳೇ ಎರಡು ಬಗೆಯಾಗಿ ಕಂಡದ್ದನ್ನು ಅಂಗಳದ ಒಂದು ಮಾತಿನಲ್ಲಿ ತೀರ್ಮಾನಿಸಿಬಿಡಲು ನಾವು ಹೋಗಬೇಕಾಗಿಲ್ಲ.

ಗಿಟಾರಿನ ಮಟ್ಟಿಗಂತೂ ನಮ್ಮ ಕಥೆ ಹಳೆಯದು. 1818ರ ಕ್ರಿಸ್ತಜಯಂತಿಯ ಹಿಂದಿನ ದಿನ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ ಸಹಾಯಕ ಗುರುಗಳಾಗಿದ್ದ ಜೋಸೆಫ್ ಮೋರ್ ಅವರು ತಾವು ಬರೆದಿದ್ದ ಪದ್ಯವೊಂದನ್ನು ಶಾಲಾ ಉಪಾಧ್ಯಾಯ ಫ್ರಾನ್ಸ್ ಗ್ರೂಬರರ ಕೈಗಿತ್ತು ರಾಗ ಹಾಕಿಕೊಡಲು ಕೇಳಿದರು. ಆ ರಾತ್ರಿ ಇಬ್ಬರೂ ಸೇರಿ ಹಾಡಿದಾಗ ಗಿಟಾರು ನುಡಿಸಿದವರು ಸ್ವತಃ ಗುರುಗಳು. ಇಂದು ನಾವು ಕನ್ನಡ, ಕೊಂಕಣಿ, ತಮಿಳು, ಮಲಯಾಳದಲ್ಲಿ ದೀಪವಾರಿಸಿ ಹಾಡುವ ಪ್ರಶಾಂತ ರಾತ್ರಿಯ ಹಾಡು ಹುಟ್ಟಿದ್ದು ಹಾಗೆ, ಆರು ತಂತಿಗಳ ಜೊತೆಯಲ್ಲಿ.

ಆಮೇಲೆ ಕಟ್ಟುನಿಟ್ಟಿನ ಕಾಲವೂ ಬಂತು. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ, ಹತ್ತನೆಯ ಪಯಸ್ ಜಗದ್ಗುರುಗಳು ಹೊರಡಿಸಿದ ಆಜ್ಞೆಯು ಪಿಯಾನೋವನ್ನೂ, ನಗಾರಿ ತಾಳಗಳಂಥ ಗದ್ದಲದ ವಾದ್ಯಗಳನ್ನೂ ದೇವಾಲಯದಿಂದ ಹೊರಗಿಟ್ಟಿತು. ಅರವತ್ತು ವರ್ಷಗಳ ನಂತರ, 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪೂಜಾವಿಧಿಯ ಶಾಸನವು ಕೊಳವೆಯ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿ, ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಆ ವಾದ್ಯವು ಪವಿತ್ರ ಬಳಕೆಗೆ ಯೋಗ್ಯವಾಗಿರಬೇಕು, ದೇವಾಲಯದ ಘನತೆಗೆ ಒಪ್ಪಬೇಕು, ಭಕ್ತರ ಆತ್ಮೋನ್ನತಿಗೆ ನೆರವಾಗಬೇಕು ಎಂಬುವು ಅದರ ನಿಬಂಧನೆಗಳು. ಮರದ ಪೆಟ್ಟಿಗೆಯ ಬಗ್ಗೆ ಹೇಳಿದ್ದಕ್ಕಿಂತ ಅದನ್ನು ಹಿಡಿಯುವವರ ಮನಸ್ಸಿನ ಬಗ್ಗೆ ಹೇಳಿದ್ದು ಹೆಚ್ಚು.

ಸಿಲ್ವರ್ ಮರದ ಕೆಳಗಿನ ಆ ಗುಂಪಿನ ಮಾತನ್ನು ಕೇಳುತ್ತಾ ನಿಂತಂತೆ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಇವರು ಮೆಚ್ಚುವುದು ಬರಿಯ ಗದ್ದಲವನ್ನಲ್ಲ, ಶ್ರಮವನ್ನು. ಅವರಿಂದ ನಾವು ಕೇಳಿ ತಿಳಿದ ಎರಡು ವೃತ್ತಾಂತಗಳನ್ನು ಇಲ್ಲಿ ಹೇಳಬೇಕು.

ಬ್ಲ್ಯಾಕ್ ಸ್ಯಾಬತ್ ತಂಡದ ಟೋನಿ ಅಯೋಮಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದವರು. ಹದಿನೇಳರ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯೊಂದರಲ್ಲಿ ಅವರ ಕೆಲಸದ ಕಟ್ಟಕಡೆಯ ದಿನ, ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರಾದ್ದರಿಂದ ತಂತಿಯನ್ನು ಒತ್ತಬೇಕಾದ ಕೈಯೇ ಅದು. ಆಗ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಜ್ಯಾಂಗೋ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ತಂದುಕೊಟ್ಟರು. ರೈನ್‌ಹಾರ್ಟ್ 1928ರಲ್ಲಿ ಬೆಂಕಿಯ ಅಪಘಾತದಲ್ಲಿ ಎಡಗೈಯ ಎರಡು ಬೆರಳುಗಳ ಶಕ್ತಿಯನ್ನು ಕಳೆದುಕೊಂಡು, ಉಳಿದ ಬೆರಳುಗಳಿಂದಲೇ ಜಗತ್ತು ಬೆರಗಾಗುವಂತೆ ನುಡಿಸಿದವರು. ಅಯೋಮಿ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡರು, ಅವುಗಳ ಮೇಲೆ ಚರ್ಮವನ್ನು ಅಂಟಿಸಿಕೊಂಡರು, ನೋವು ಕಡಿಮೆಯಾಗಲೆಂದು ಹಗುರವಾದ ತಂತಿಗಳನ್ನು ಹುಡುಕಿಕೊಂಡರು. ಅವರೇ 2017ರಲ್ಲಿ ತಮ್ಮ ಊರಿನ ಪ್ರಧಾನ ದೇವಾಲಯದ ಗಾನವೃಂದಕ್ಕಾಗಿ, ಸಹೋದರರ ಐಕ್ಯವನ್ನು ಕೊಂಡಾಡುವ 133ನೆಯ ಕೀರ್ತನೆಯನ್ನು ಆಧರಿಸಿದ ಗೀತೆಯೊಂದನ್ನು ಹೊರತಂದರು.

ಇನ್ನೊಂದು, ಕ್ವೀನ್ ತಂಡದ ಬ್ರಯನ್ ಮೇ ಅವರದು. ಅಂಗಡಿಯಲ್ಲಿ ಒಳ್ಳೆಯ ಗಿಟಾರು ಕೊಳ್ಳುವಷ್ಟು ಹಣ ಮನೆಯಲ್ಲಿರಲಿಲ್ಲ. 1963ರಲ್ಲಿ ಹದಿನಾರರ ಮಗನೂ ತಂದೆಯೂ ಕೂಡಿ ಹಳೆಯ ಅಗ್ಗಿಷ್ಟಿಕೆಯ ಮರದ ಹಲಗೆಯಿಂದ ಗಿಟಾರಿನ ಕುತ್ತಿಗೆಯನ್ನು ಕೆತ್ತಿದರು, ಮೋಟಾರು ಸೈಕಲ್ಲಿನ ಸ್ಪ್ರಿಂಗುಗಳನ್ನು ಜೋಡಿಸಿದರು. ಕೆಲಸ ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ಮೇ ತಮ್ಮ ಜೀವಮಾನವಿಡೀ ನುಡಿಸಿದ್ದು ಮುಖ್ಯವಾಗಿ ಆ ಗಿಟಾರನ್ನೇ. ಮಗನ ಹುಚ್ಚನ್ನು ಬೈಯುವ ಬದಲು ತಂದೆ ಉಳಿ ಹಿಡಿದು ಜೊತೆಗೆ ಕುಳಿತದ್ದನ್ನು ಇಲ್ಲಿಯ ತಂದೆಯಂದಿರು ಗಮನಿಸಬೇಕೆಂದು ನಮ್ಮ ಆಸೆ.

ಅಂದು ಗುಂಪಿನ ಅಂಚಿನಲ್ಲಿ ಪಿ.ಯು.ಸಿ. ಓದುವ ಹುಡುಗನೊಬ್ಬ ನಿಂತಿದ್ದ. ಮಾತು ಕಡಿಮೆ. ಆದರೆ ಗಿಟಾರಿನ ವಿಷಯ ಬಂದಾಗಲೆಲ್ಲ ಅವನ ಎಡಗೈಯ ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ನಾವು ಕೈ ಹಿಡಿದು ನೋಡಿದೆವು. ನಾಲ್ಕು ಬೆರಳ ತುದಿಗಳೂ ದಡ್ಡುಗಟ್ಟಿದ್ದವು. ಕಾಫಿ ಕಸಿ ಮಾಡುವವರ, ಮರಗಸಿ ಮಾಡುವವರ ಅಂಗೈಯನ್ನು ಬಲ್ಲ ನಮಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಕ್ಕಿನ ತಂತಿ ಮೊದಲು ಬೆರಳನ್ನು ಕೊರೆಯುತ್ತದೆ, ಆಮೇಲೆ ಬೊಬ್ಬೆ ಏಳುತ್ತದೆ, ವಾರಗಟ್ಟಲೆ ಬಿಡದೆ ನುಡಿಸಿದವರಿಗೆ ಮಾತ್ರ ದಡ್ಡು ಕಟ್ಟುತ್ತದೆ.

"ಎಲ್ಲಿ ನುಡಿಸುತ್ತೀಯಪ್ಪಾ?" ಎಂದು ಕೇಳಿದೆವು.

"ಮನೆಯಲ್ಲಿ ಅಂಕಲ್. ಬಾಗಿಲು ಹಾಕಿಕೊಂಡು."

"ದೇವಾಲಯದಲ್ಲಿ ಯಾಕೆ ನುಡಿಸಬಾರದು?"

ಅವನು ಉತ್ತರಿಸಲಿಲ್ಲ. ಉತ್ತರ ನಮಗೇ ಗೊತ್ತಿತ್ತು. ಎರಡು ವರ್ಷದ ಹಿಂದೆ ಕ್ರಿಸ್ತಜಯಂತಿಯ ಸಿದ್ಧತೆಗೆ ಕರೆದ ಸಭೆಯಲ್ಲಿ, ಕಲಿಯುತ್ತಿರುವ ಮಕ್ಕಳು ನುಡಿಸಿದರೆ ತಪ್ಪಾದೀತು, ಹಬ್ಬದ ರಾತ್ರಿ ನಗೆಗೀಡಾದೇವು, ಆದ್ದರಿಂದ ಪೆನ್‌ಡ್ರೈವಿನಲ್ಲಿ ಸಿದ್ಧ ಸಂಗೀತವನ್ನು ಹಾಕಿ ಅದರ ಮೇಲೆ ಹಾಡುವುದೇ ಲೇಸು ಎಂದು ತೀರ್ಮಾನವಾಯಿತು. ಆ ಮಾತಿಗೆ ತಲೆದೂಗಿದವರಲ್ಲಿ ನಾವೂ ಒಬ್ಬರು. ಮೈನಸ್ ಟ್ರ್ಯಾಕ್ ಎಂದು ಕರೆಯುವ ಆ ಸಿದ್ಧ ಸಂಗೀತ ಈಗ ರೋಸಿನ ಚಪ್ಪರದಿಂದ ಹಿಡಿದು ಮೊದಲ ಪರಮಪ್ರಸಾದದ ಪೂಜೆಯವರೆಗೆ ಎಲ್ಲೆಡೆಯೂ ಇದೆ. ಅದು ತಪ್ಪು ಮಾಡುವುದಿಲ್ಲ. ಆದರೆ ಹಾಡುವವರು ಉಸಿರು ತೆಗೆದುಕೊಳ್ಳಲು ತಡವರಿಸಿದರೆ ಅದು ಕಾಯುವುದೂ ಇಲ್ಲ. ಗುರುಗಳು ಕಾಣಿಕೆಯ ವಿಧಿಯನ್ನು ಬೇಗ ಮುಗಿಸಿದರೆ ನಿಲ್ಲುವುದೂ ಇಲ್ಲ. ಆ ವರ್ಷ ಟ್ರ್ಯಾಕ್ ಚೆನ್ನಾಗಿಯೇ ಹರಿಯಿತು. ಹುಡುಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ.

ಇದರಲ್ಲಿ ಕಾಲದ ಒತ್ತಡವೂ ಇದೆ ಎಂಬುದನ್ನು ಹೇಳಲೇಬೇಕು. ಹಿಂದೆ ನಮ್ಮ ಗಾನವೃಂದದ ಅಭ್ಯಾಸ ನಡೆಯುತ್ತಿದ್ದದ್ದು ರಾತ್ರಿಯ ಹೊತ್ತು, ಮನೆಯಿಂದ ಮನೆಗೆ, ಲಾಟೀನು ಹಿಡಿದು. ಆಗಮನ ಕಾಲವೆಂದರೆ ಕಾಫಿ ಕೊಯ್ಲಿನ ಕಾಲ. ಹಗಲೆಲ್ಲ ಕಣದಲ್ಲಿ ದುಡಿದವರಿಗೆ ಬಿಡುವು ಸಿಗುತ್ತಿದ್ದದ್ದೇ ಊಟದ ಮೇಲೆ. ಇಂದು ಆಲೂರು, ಸಕಲೇಶಪುರದ ತೋಟಗಳಲ್ಲಿ ಕತ್ತಲಾದ ಮೇಲೆ ಮಕ್ಕಳನ್ನು ದಾರಿಗೆ ಕಳಿಸುವಂತಿಲ್ಲ. 2014ರಲ್ಲಿ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ, ಆನೆಗಳ ಓಡಾಟವಾಗಲಿ ಸಾವುನೋವಾಗಲಿ ನಿಲ್ಲಲಿಲ್ಲ. ಆನೆ ಎಲ್ಲಿದೆ ಎಂಬ ಸಂದೇಶವನ್ನು ಫೋನಿನಲ್ಲಿ ನೋಡಿಕೊಂಡು ಮನೆಗೆ ಮರಳುವ ಜನರಿಗೆ ರಾತ್ರಿಯ ಅಭ್ಯಾಸ ದೂರದ ಮಾತು. ಅಭ್ಯಾಸ ನಿಂತಿತು, ಟ್ರ್ಯಾಕ್ ಬಂತು. ಯಾರನ್ನೂ ದೂರಿ ಫಲವಿಲ್ಲ.

ಆದರೆ ಕಳೆದುಕೊಂಡದ್ದು ಏನೆಂಬುದನ್ನಾದರೂ ತಿಳಿದಿರಬೇಕು. ಸಂಗೀತವನ್ನು ಕೋಣೆಯಲ್ಲಿ ಅಭ್ಯಾಸ ಮಾಡಬಹುದು. ಪೂರ್ತಿಯಾಗಿ ಕಲಿಯುವುದು ಜನರ ಎದುರಿನಲ್ಲಿ. ಎದುರಿಗೆ ನಿಂತು ಕೇಳಿ ಎಂದ ಆ ತರುಣರ ಮಾತಿನಲ್ಲಿದ್ದ ಸತ್ಯ ಅದೇ. ಧ್ವನಿಮುದ್ರಣದಲ್ಲಿ ತಪ್ಪನ್ನು ಅಳಿಸಬಹುದು. ಕಛೇರಿಯಲ್ಲಿ ತಂತಿ ಹರಿದರೆ ಉಳಿದ ಐದರಲ್ಲಿ ಮುಗಿಸಬೇಕು. ಒಬ್ಬರು ದಾರಿ ತಪ್ಪಿದರೆ ಇನ್ನೊಬ್ಬರು ಕೈಹಿಡಿದು ತರಬೇಕು. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಹುಟ್ಟಿದ್ದು 1996ರಲ್ಲಿ, ನಮ್ಮವರೇ ಆದ ಕಾರ್ಮೆಲ್ ಸಭೆಯ ಗುರುಗಳು ನಡೆಸುವ ಕ್ರೈಸ್ಟ್ ಕಾಲೇಜಿನ ಗೆಳೆಯರ ನಡುವೆ. ಗಿಟಾರು ವಾದಕ ಬ್ರೂಸ್ ಲೀ ಮಣಿ ಮತ್ತು ಅವರ ಸಂಗಡಿಗರು ಅನ್ಯರ ಹಾಡುಗಳ ನಕಲಿನಲ್ಲೇ ನಿಲ್ಲದೆ, ಸ್ವಂತ ಹಾಡುಗಳನ್ನು ಕಟ್ಟಿ ವರ್ಷಗಟ್ಟಲೆ ವೇದಿಕೆಯಿಂದ ವೇದಿಕೆಗೆ ನುಡಿಸಿಯೇ ಬೆಳೆದರು.

ಘಟ್ಟದ ಕೆಳಗೆ ಮಂಗಳೂರಿನಲ್ಲಿ ಇನ್ನೊಂದು ಉದಾಹರಣೆಯಿದೆ. 1986ರಲ್ಲಿ ಎರಿಕ್ ಒಝೇರಿಯೊ ಅವರ ಮುಂದಾಳುತನದಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯು ಶಕ್ತಿನಗರದ ಕಲಾಂಗಣದಲ್ಲಿ 2002ರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಕೊಂಕಣಿ ಕಾರ್ಯಕ್ರಮವೊಂದನ್ನು ನಡೆಸುತ್ತ ಬಂದಿದೆ. ತಿಂಗಳಿಗೊಮ್ಮೆ ತಪ್ಪದೆ ಒಂದು ವೇದಿಕೆ ಇದೆಯೆಂದಾದರೆ, ಅದಕ್ಕಾಗಿ ಕಲಿಯುವವರು ಹುಟ್ಟಿಕೊಳ್ಳುತ್ತಾರೆ. ಇಲ್ಲಿ ಗುಡ್ಡದ ಮೇಲೆ ನಮ್ಮ ಮಕ್ಕಳಿಗೆ ಅಂಥ ವೇದಿಕೆ ಯಾವುದಿದೆ? ಇದ್ದದ್ದು ಒಂದೇ: ದೇವಾಲಯದ ಹಿಂಬದಿಯ ಗಾನವೃಂದದ ಅಟ್ಟ. ಅದಕ್ಕೂ ನಾವೇ ಬೀಗ ಹಾಕಿದರೆ, ಅವರು ಬೇರೆಡೆಯ ವೇದಿಕೆಗಳನ್ನು ಹುಡುಕಿಕೊಂಡು ಹೋದಾಗ ದೂರುವ ಹಕ್ಕು ನಮಗೆಲ್ಲಿಯದು?

ಬಲಿಪೂಜೆ ಕಛೇರಿಯಲ್ಲ ಎಂಬುದನ್ನು ನಾವು ಮರೆತಿಲ್ಲ. ಅಲ್ಲಿ ಚಪ್ಪಾಳೆಯಿಲ್ಲ, ನುಡಿಸುವವರ ಮೇಲೆ ಬೆಳಕು ಬೀಳಬೇಕಾಗಿಲ್ಲ. ಪರಮಪ್ರಸಾದ ಸ್ವೀಕಾರದ ನಂತರ ಕೈಯನ್ನು ತಂತಿಯ ಮೇಲಿಟ್ಟು ಸುಮ್ಮನಿರುವುದೂ ವಾದಕರ ಕೆಲಸವೇ. ಆದರೆ ನಾಲ್ಕೇ ಸ್ವರಗಳಲ್ಲಿ ಕಣ್ಣು ತೇವವಾಗಿಸುವವರನ್ನು ಮೆಚ್ಚುವ ಮಕ್ಕಳಿಗೆ ಮೌನದ ಬೆಲೆಯನ್ನು ತಿಳಿಸಿ ಹೇಳುವುದು ಕಷ್ಟವಾಗಲಾರದು.

ಮಾಡಬಹುದಾದ ಕೆಲವು ಕೆಲಸಗಳನ್ನು ಧರ್ಮಕೇಂದ್ರಗಳ ಹಿರಿಯರ ಮುಂದಿಡುತ್ತೇವೆ. ರಾತ್ರಿಯ ಅಭ್ಯಾಸ ಸಾಧ್ಯವಿಲ್ಲದಿದ್ದರೆ ಭಾನುವಾರದ ಪೂಜೆಯ ನಂತರ ಒಂದು ಗಂಟೆ ಹಗಲಲ್ಲೇ ಆಗಲಿ. ಅಂಗಳದ ಮಾತು ಹೇಗೂ ಅರ್ಧ ಗಂಟೆ ನಡೆಯುತ್ತದೆ. ತಿಂಗಳಲ್ಲಿ ಒಂದು ಭಾನುವಾರವಾದರೂ ಟ್ರ್ಯಾಕ್ ಇಲ್ಲದ ಪೂಜೆಯಿರಲಿ. ಮೊದಲು ಒಂದೇ ಗೀತೆ, ಮೂರೇ ಸ್ವರಮೇಳಗಳದ್ದು, ಸಾಕು. ಧರ್ಮಕೇಂದ್ರಕ್ಕೆಂದು ಒಂದು ಸಾಧಾರಣ ಗಿಟಾರನ್ನು ಕೊಳ್ಳುವುದು ಯಾರ ಶಕ್ತಿಗೂ ಮೀರಿದ್ದಲ್ಲ. ನಮ್ಮ ಮಳೆಗಾಲದಲ್ಲಿ ತಂತಿ ತುಕ್ಕು ಹಿಡಿಯುತ್ತದೆ, ಮರ ಉಬ್ಬಿ ಕುತ್ತಿಗೆ ಬಾಗುತ್ತದೆ. ಆದ್ದರಿಂದ ಅದನ್ನು ತೇವದ ಗೋಡೆಗೆ ಒರಗಿಸದೆ ಪೆಟ್ಟಿಗೆಯಲ್ಲಿಡಬೇಕು, ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಬೇಕು. ಮತ್ತೊಂದು, ಎಲ್ಲಕ್ಕಿಂತ ಮುಖ್ಯವಾದದ್ದು: ಹುಡುಗರು ತಪ್ಪು ನುಡಿಸಿದಾಗ ಮುಂದಿನ ಬೆಂಚಿನವರು ಹಿಂತಿರುಗಿ ನೋಡಬಾರದು.

ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ದೇವಾಲಯವನ್ನು ನಾವೆಲ್ಲ ಕಂಡವರೇ. ಗೊರೂರಿನ ಅಣೆಕಟ್ಟಿನ ನೀರು ಏರಿ ಊರು ಎದ್ದುಹೋಯಿತು. ಗೋಡೆಗಳು ಉಳಿದಿವೆ, ಕಮಾನುಗಳು ಉಳಿದಿವೆ, ಹಾಡುವವರಿಲ್ಲ. ಅಲ್ಲಿ ದನಿಯನ್ನು ಕೊಂಡೊಯ್ದದ್ದು ನೀರು. ಇಲ್ಲಿ ನಮ್ಮ ದೇವಾಲಯಗಳು ಗಟ್ಟಿಯಾಗಿವೆ, ಬಣ್ಣ ಹೊಸದಾಗಿದೆ, ಜನರಿದ್ದಾರೆ. ಇಲ್ಲಿ ದನಿ ಅಡಗಿದರೆ ಅದು ನಾವಾಗಿಯೇ ಬಿಟ್ಟುಕೊಟ್ಟದ್ದಾಗುತ್ತದೆ.

ಆ ಭಾನುವಾರ ಹೊರಡುವ ಮೊದಲು ನಾವು ಹುಡುಗನಿಗೆ ಎರಡು ವರ್ಷದ ಹಿಂದಿನ ಸಭೆಯಲ್ಲಿ ನಾವು ಆಡಿದ ಮಾತನ್ನು ತಿಳಿಸಿ, ತಪ್ಪಾಯಿತಪ್ಪಾ ಎಂದೆವು. ಅವನು ನಾಚಿ, "ಪರವಾಗಿಲ್ಲ ಅಂಕಲ್" ಎಂದ. ಮುಂದಿನ ವಾರ ಗುರುಗಳ ಒಪ್ಪಿಗೆ ಪಡೆದು ಪೂಜೆಯ ನಂತರ ಅವನು ಗಿಟಾರನ್ನು ತಂದ. ಮೆಟಾಲಿಕಾ ಕಂಡ ಆಲೂರಿನ ತರುಣರೂ ಜೊತೆಗೆ ಕುಳಿತರು. ಗದ್ದಲ ಎಂದಿದ್ದ ಹಿರಿಯರು ಬೆಂಚಿನ ಮೇಲೆ ಕೈಯಿಂದ ತಾಳ ಹಾಕಿದರು. ಅಭ್ಯಾಸಕ್ಕೆ ಆರಿಸಿಕೊಂಡದ್ದು ಮೋರ್ ಗುರುಗಳು ಗಿಟಾರು ಹಿಡಿದು ಹಾಡಿದ ಆ ಹಾಡನ್ನೇ. ಎರಡನೆಯ ಚರಣದಲ್ಲಿ ಹುಡುಗನ ಬೆರಳು ತಪ್ಪಿತು. ಎಲ್ಲರೂ ನಿಂತು ಕಾದರು. ಅವನು ಸರಿಪಡಿಸಿಕೊಂಡ ಮೇಲೆ ಮುಂದುವರಿದರು. ಕ್ರಿಸ್ತಜಯಂತಿಗೆ ಇನ್ನೂ ಕಾಲವಿದೆ. ತಮ್ಮ ತಮ್ಮ ಧರ್ಮಕೇಂದ್ರದಲ್ಲಿ ಬಾಗಿಲು ಹಾಕಿಕೊಂಡು ನುಡಿಸುವ ಮಕ್ಕಳು ಯಾರಿದ್ದಾರೆಂದು ಓದುಗ ಬಾಂಧವರು ಒಮ್ಮೆ ವಿಚಾರಿಸಿ ನೋಡಬೇಕೆಂದು ನಮ್ಮ ವಿನಂತಿ.